ಚೈನ್‌ಗೆ ಎಣ್ಣೆ ಹಾಕುವ ಮೊದಲು ಒರೆಸಿ
ಎಲ್ಲರ ಗಮನಕ್ಕೆ: ಕೊಳೆಯ ಮೇಲೆಯೇ ಎಣ್ಣೆ ಸುರಿದರೆ ಸೈಕಲ್ ಚೈನ್ ಇನ್ನೂ ಬೇಗ ಸವೆಯುತ್ತದೆ. ದೂಳು, ಮರಳು ಎಣ್ಣೆಯಲ್ಲಿ ಕಲೆತು, ಚೈನ್ ಕೊಂಡಿಗಳನ್ನು ಜೋಡಿಸುವ ಪಿನ್‌ಗಳನ್ನು ಉಜ್ಜುಕಾಗದದಂತೆ ತೇಯುತ್ತವೆ. ಚೈನ್ ಉದ್ದವಾಗುವುದು ಹೀಗೇ. ಕೊಂಡಿಗಳ ಪ್ಲೇಟುಗಳು ಹಿಗ್ಗಿ ಅಲ್ಲ. ಉದ್ದವಾದ ಚೈನ್ ಗಿಯರ್ ಹಲ್ಲುಗಳಲ್ಲಿ ಸರಿಯಾಗಿ ಕೂರದೆ ಅವನ್ನೂ ತಿನ್ನುತ್ತದೆ.

ದಯವಿಟ್ಟು ಆಗಾಗ ಅಳೆಯಿರಿ. ಚೈನ್ ಬಿಗಿಯಾಗಿಟ್ಟು, ಒಂದು ಪಿನ್ನಿನ ಮಧ್ಯದಿಂದ ಅದರ ನಂತರದ 24ನೇ ಪಿನ್ನಿನ ಮಧ್ಯದವರೆಗೆ ಉಕ್ಕಿನ ಸ್ಕೇಲ್ ಹಿಡಿಯಿರಿ. ಹೊಸದಾದರೆ 304.8 ಮಿ.ಮೀ. ಹಿಂದಿನ ಚಕ್ರದಲ್ಲಿ 11–12 ಗಿಯರ್ ಇದ್ದರೆ ಅಳತೆ 306.3 ಮುಟ್ಟಿದಾಗ, 8–10 ಇದ್ದರೆ 307 ಮುಟ್ಟಿದಾಗ ಚೈನ್ ಬದಲಿಸಿ. ತಡವಾದರೆ ಹೊಸ ಚೈನ್ ಸವೆದ ಹಲ್ಲುಗಳ ಮೇಲೆ ಜಾರುತ್ತದೆ. ಆಗ ಕ್ಯಾಸೆಟ್ಟೂ (ಹಿಂದಿನ ಗಿಯರ್‌ಗಳ ಗುಚ್ಛ) ಹೊಸದೇ ಬೇಕು.

ಎಣ್ಣೆ ಪ್ರತಿ ರೋಲರ್‌ಗೆ (ಪಿನ್ನಿನ ಸುತ್ತ ತಿರುಗುವ ಉರುಳೆ) ಒಂದೇ ಹನಿ. ಪೆಡಲ್ ಹಿಂದಕ್ಕೆ ತಿರುಗಿಸಿ, ಸ್ವಲ್ಪ ಹೊತ್ತು ಬಿಟ್ಟು ಹೊರಗಿನ ಜಿಡ್ಡನ್ನು ಪೂರ್ತಿ ಒರೆಸಿ.