ಅಮ್ಮನ ಜೊತೆ ಎಚ್ಚರವಿದ್ದ ಅಕ್ಕನಿಗೆ

ಅಸ್ಥಿಮಜ್ಜೆ ಕಸಿಯ ನಂತರದ ವಾರ್ಷಿಕ ತಪಾಸಣೆ ಕಳೆದ ವಾರ ಮುಗಿಯಿತು. ನನ್ನ ರಕ್ತದಲ್ಲಿ ಎಚ್‌ಟಿಎಲ್‌ವಿ-1 ವೈರಸ್ಸಿನ ಪ್ರಮಾಣ ಪರೀಕ್ಷೆಗೆ ಸಿಗದಷ್ಟು ಇಳಿದಿದೆ. ಈ ವೈರಸ್ಸು ತರುವ ರಕ್ತದ ಕ್ಯಾನ್ಸರಿನ ತೀವ್ರ ಬಗೆಯಲ್ಲಿ, ಬರೀ ಕೀಮೋ ಪಡೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಒಂದು ವರ್ಷವನ್ನೂ ದಾಟುವುದಿಲ್ಲವೆಂದು ತಿಳಿದಿದ್ದ ನನಗೆ ಆ ವರದಿಯನ್ನು ಮತ್ತೆ ಮತ್ತೆ ಓದಬೇಕೆನಿಸಿತು.

ಮಜ್ಜೆ ಕೊಟ್ಟ ತಮ್ಮನಿಗೆ, ಪರೇಲಿನ ಆಸ್ಪತ್ರೆಯ ವೈದ್ಯರಿಗೆ ಮತ್ತು ದಾದಿಯರಿಗೆ, ಕರೆ ಹೋದೊಡನೆ ಪ್ಲೇಟ್‌ಲೆಟ್ ಕೊಡಲು ಮಾಟುಂಗಾದಿಂದಲೂ ಡೊಂಬಿವಲಿಯಿಂದಲೂ ಓಡಿಬಂದ ನಮ್ಮ ಕನ್ನಡದ ಹುಡುಗರಿಗೆ ನಾನು ಋಣಿ.

ಆದರೆ ಕೆಳಗಿನ ಮನೆಯ ಅಕ್ಕನ ವಿಷಯವನ್ನು ವಿವರವಾಗಿಯೇ ಹೇಳಬೇಕು. ತಮ್ಮ ಹೆಸರು ಬೇಡವೆಂದು ಅವರು ಕೇಳಿಕೊಂಡಿದ್ದಾರೆ. ಮುನಿಸಿಪಲ್ ಕನ್ನಡ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಮಜ್ಜೆ ಕೊಡುವವರಲ್ಲಿ ವೈರಸ್ಸು ಇರಬಾರದೆಂದು ತಮ್ಮನನ್ನು ಪರೀಕ್ಷಿಸಿದಾಗ ಅಮ್ಮನ ರಕ್ತವನ್ನೂ ನೋಡಿದರು. ತಮ್ಮನಲ್ಲಿ ಇರಲಿಲ್ಲ, ಅಮ್ಮನಲ್ಲಿ ಇತ್ತು. ಎದೆಹಾಲಿನ ಮೂಲಕ ದಾಟುವ ವೈರಸ್ಸಿದು ಎಂಬುದು ಅಮ್ಮನಿಗೆ ಹೇಗೋ ಗೊತ್ತಾಯಿತು. ಆ ರಾತ್ರಿ ಅವರು ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ನನ್ನ ಹಾಲೇ ವಿಷವಾಯಿತಲ್ಲ" ಎಂದು ಅಳತೊಡಗಿದರು. ಜ್ವರದಲ್ಲಿ ಮಲಗಿದ್ದ ನನಗೆ ಗೋಡೆಯಾಚೆಯಿಂದ ಎಲ್ಲವೂ ಕೇಳುತ್ತಿತ್ತು. ಎದ್ದು ಹೋಗಲು ಕಾಲಿನಲ್ಲಿ ಬಲವಿರಲಿಲ್ಲ.

ಅಕ್ಕ ಬಂದು ಬೆಳಗಿನವರೆಗೂ ಕೂತರು. ವಿಧಿ, ಕರ್ಮ ಎಂಬ ಮಾತನ್ನು ಅವರು ಎತ್ತಲಿಲ್ಲ. ಜಪಾನಿನ ವೈದ್ಯರು ಈ ಕಾಯಿಲೆಯನ್ನು ಮೊದಲು ವಿವರಿಸಿದ್ದು 1977ರಲ್ಲಿ, ಅಮೆರಿಕದ ಗ್ಯಾಲೊ ಅವರ ಪ್ರಯೋಗಾಲಯ ವೈರಸ್ಸನ್ನು ಪ್ರಕಟಿಸಿದ್ದು 1980ರಲ್ಲಿ, ನಿಮ್ಮ ಮಗಳು ಹುಟ್ಟಿದ್ದು 1974ರಲ್ಲಿ. ನೀವು ಹಾಲೂಡಿಸುತ್ತಿದ್ದಾಗ ಇಂಥದ್ದೊಂದು ಇದೆಯೆಂದು ಜಗತ್ತಿನಲ್ಲಿ ಯಾರಿಗೂ ಗೊತ್ತಿರಲಿಲ್ಲ ಎಂದು, ತರಗತಿಯಲ್ಲಿ ಪಾಠ ಮಾಡುವಷ್ಟೇ ನಿಧಾನವಾಗಿ ಹೇಳಿದರು. ವೈರಸ್ಸು ಇರುವ ನೂರು ಜನರಲ್ಲಿ ಈ ಕ್ಯಾನ್ಸರ್ ಬರುವುದು ಸುಮಾರು ಐದು ಮಂದಿಗೆ, ಅದೂ ಹೆಚ್ಚಾಗಿ ದಶಕಗಳ ನಂತರ ಎಂದರು. ಅಮ್ಮ ಕೇಳಿದ್ದನ್ನೇ ಕೇಳಿದರು, ಅಕ್ಕ ಹೇಳಿದ್ದನ್ನೇ ಹೇಳಿದರು. ನಸುಕಿನಲ್ಲಿ ಅಮ್ಮ ಒಂದು ಲೋಟ ಗಂಜಿ ಕುಡಿದರು.

ನಾನೂ ಹಾಲೂಡಿಸಿದವಳು. ಮಗಳ ವರದಿ ಬರುವವರೆಗೆ ನಾನು ದೇವರನ್ನು ಬೇಡಿದ್ದು ನನ್ನ ಜೀವಕ್ಕಾಗಿ ಅಲ್ಲ. ಅವಳಲ್ಲಿ ವೈರಸ್ಸು ಇರಲಿಲ್ಲ. ಇದ್ದಿದ್ದರೆ ನಾನು ಏನಾಗುತ್ತಿದ್ದೆನೋ ಇಂದಿಗೂ ಊಹಿಸಲಾರೆ.

ಜಪಾನಿನಲ್ಲಿ ಈಗ ಪ್ರತಿ ಗರ್ಭಿಣಿಗೂ ಈ ಪರೀಕ್ಷೆಯಿದೆಯಂತೆ, ಅದನ್ನೂ ಅಕ್ಕನೇ ಹೇಳಿದ್ದು. ವೈರಸ್ಸಿನ ಪ್ರಮಾಣ ಮತ್ತೆ ಏರಿದರೆ ಬೇಗ ತಿಳಿಯಲೆಂದು ನನ್ನ ರಕ್ತವನ್ನು ಇನ್ನೂ ಹಲವು ವರ್ಷ ನೋಡುತ್ತಲೇ ಇರುತ್ತಾರೆ. ಆ ಭಯದ ಜೊತೆಗೆ ಬದುಕಲು ಕಲಿಯುತ್ತಿದ್ದೇನೆ.

ಈ ತಿಂಗಳ ಕೊನೆಯ ಭಾನುವಾರ ಡೊಂಬಿವಲಿಯ ನಮ್ಮ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇಟ್ಟುಕೊಂಡಿದ್ದೇವೆ. ಪ್ಲೇಟ್‌ಲೆಟ್ ಕೊಟ್ಟವರೆಲ್ಲರೂ ಊಟಕ್ಕೆ ಬರಲೇಬೇಕೆಂದು ಅಮ್ಮ ಹೇಳಿಸಿದ್ದಾರೆ.