ಕೆಲಸಕ್ಕೆ ಬಾರದ ಕೆಲಸಗಳ ಕುರಿತು ಮಗಳಿಗೊಂದು ಪತ್ರ

ಪ್ರೀತಿಯ ಮಗಳಿಗೆ,

ಯಾರೂ ತೆರೆದು ನೋಡದ ವಾರದ ವರದಿ, ನಿನ್ನ ಅಗತ್ಯವೇ ಇಲ್ಲದ ಸಭೆಯ ನಡಾವಳಿ, ಸಹೋದ್ಯೋಗಿಗಳ ಬೀಳ್ಕೊಡುಗೆಗೆ ಹಣ ಸಂಗ್ರಹಿಸುವುದು, ಇವೆಲ್ಲ ನಿನ್ನ ಪಾಲಿಗೇ ಏಕೆ ಬರುತ್ತವೆ ಎಂದು ಕೇಳಿದ್ದೀಯೆ. ಇದು ನಿನ್ನೊಬ್ಬಳ ಪ್ರಶ್ನೆಯಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞೆ ಲಿಂಡಾ ಬ್ಯಾಬ್‌ಕಾಕ್ ಮತ್ತು ಅವರ ಸಹೋದ್ಯೋಗಿಗಳು 2017ರಲ್ಲಿ ‘ಅಮೆರಿಕನ್ ಎಕನಾಮಿಕ್ ರಿವ್ಯೂ’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಡ್ತಿಗೆ ನೆರವಾಗದ, ಆದರೆ ಯಾರಾದರೊಬ್ಬರು ಮಾಡಲೇಬೇಕಾದ ಕೆಲಸಗಳನ್ನು ಹೆಚ್ಚಾಗಿ ಮುಂದೆ ಬಂದು ವಹಿಸಿಕೊಳ್ಳುವವರು ಮಹಿಳೆಯರು; ಹೆಚ್ಚಾಗಿ ಕೇಳುವುದೂ ಅವರನ್ನೇ, ಕೇಳಿದರೆ ಹೆಚ್ಚಾಗಿ ಒಪ್ಪುವವರೂ ಅವರೇ. (ಕೇಳುವ ಮೇಲಧಿಕಾರಿ ಮಹಿಳೆಯಾಗಿದ್ದರೂ ಇದು ಬದಲಾಗಲಿಲ್ಲವಂತೆ, ನನಗೇನೂ ಆಶ್ಚರ್ಯವಾಗಲಿಲ್ಲ.) ಆದರೆ ಗುಂಪಿನಲ್ಲಿ ಮಹಿಳೆಯರಷ್ಟೇ ಅಥವಾ ಪುರುಷರಷ್ಟೇ ಇದ್ದಾಗ, ಮುಂದೆ ಬರುವುದರಲ್ಲಿ ಈ ಅಂತರ ಕಾಣಲಿಲ್ಲ. ಆದ್ದರಿಂದ ಇದನ್ನು ನಿನ್ನ ಸ್ವಭಾವದ ದೋಷವೆಂದು ತಿಳಿಯಬೇಡ. ‘ಅವಳು ಇಲ್ಲವೆನ್ನುವುದಿಲ್ಲ’ ಎಂಬ ಸುತ್ತಲಿನವರ ನಿರೀಕ್ಷೆಯೇ ಇಲ್ಲಿ ಕೆಲಸ ಮಾಡುತ್ತಿದೆ.

ಹಾಗೆಂದು ಬೇಸರ ತರಿಸುವ ಕೆಲಸವೆಲ್ಲ ವ್ಯರ್ಥವೆಂದು ಭಾವಿಸಬಾರದು. ಲೆಕ್ಕ ತಾಳೆ ನೋಡುವುದು, ಕಡತಗಳ ಬ್ಯಾಕಪ್ ಸರಿಯಾಗಿದೆಯೇ ಎಂದು ಪರೀಕ್ಷಿಸುವುದು ಎಷ್ಟೇ ನೀರಸವಾದರೂ ಬಿಟ್ಟರೆ ನಷ್ಟವಾಗುತ್ತದೆ. ಒಂದು ಕೆಲಸ ನಿಂತುಹೋದರೆ ಯಾರು ಅದನ್ನು ಹುಡುಕಿಕೊಂಡು ಬರುತ್ತಾರೆ ಎಂಬುದನ್ನು ಮೊದಲು ಕಂಡುಕೊ. ವಾರದ ವರದಿಯನ್ನು ಸದ್ದಿಲ್ಲದೆ ನಿಲ್ಲಿಸಿ ಪರೀಕ್ಷೆ ಮಾಡುವ ಆಸೆಯಾಗಬಹುದು, ಆದರೆ ವರ್ಷಕ್ಕೊಮ್ಮೆ ಬರುವ ಲೆಕ್ಕಪರಿಶೋಧಕರಿಗೆ ಅದೇ ಬೇಕಾಗಿದ್ದರೆ ತಪ್ಪು ನಿನ್ನ ಮೇಲೆ ಬರುತ್ತದೆ. ಅದನ್ನು ಪಡೆಯುವವರಿಗೆಲ್ಲ ಬರೆದು, ಯಾವ ಭಾಗ ಯಾರಿಗೆ ಉಪಯೋಗವಾಗುತ್ತಿದೆ ಎಂದು ನೇರವಾಗಿ ಕೇಳುವುದೇ ಒಳ್ಳೆಯದು.

ಮೇಲಧಿಕಾರಿಗೆ ‘ಆಗುವುದಿಲ್ಲ’ ಎಂಬ ಒಂದೇ ಮಾತು ಒರಟಾಗಿ ಕೇಳಿಸುತ್ತದೆ. ಅದರ ಬದಲು, “ಇದನ್ನು ಕೈಗೆತ್ತಿಕೊಂಡರೆ ಶುಕ್ರವಾರಕ್ಕೆ ಒಪ್ಪಿಸಬೇಕಾದ ಕೆಲಸ ಸೋಮವಾರಕ್ಕೆ ಹೋಗುತ್ತದೆ, ಯಾವುದು ಮೊದಲಾಗಬೇಕೆಂದು ನೀವೇ ತಿಳಿಸಿ” ಎಂದು ಹೇಳಿದರೆ, ಆಯ್ಕೆಯ ಭಾರ ಅದು ಇರಬೇಕಾದ ಕಡೆಗೇ ಹೋಗುತ್ತದೆ. ಸಹೋದ್ಯೋಗಿಗಳೊಂದಿಗೆ ಇಷ್ಟು ವಿವರಣೆ ಬೇಡ. ‘ಈ ವಾರ ಬಿಡುವಿಲ್ಲ’ ಎಂದು ನೆಪ ಹೇಳಿದರೆ ಮುಂದಿನ ವಾರ ಅದೇ ಕೆಲಸ ನಿನ್ನ ಮೇಜಿಗೆ ಮರಳುತ್ತದೆ, ಆದ್ದರಿಂದ ‘ಇದನ್ನು ನಾನು ವಹಿಸಿಕೊಳ್ಳಲಾರೆ’ ಎಂದು ಶಾಂತವಾಗಿ ಹೇಳಿ ಸುಮ್ಮನಿರು. ನಡಾವಳಿಯಂತಹ ಎಲ್ಲರ ಕೆಲಸಕ್ಕೆ ಸರದಿ ಗೊತ್ತುಮಾಡಿಸು. ‘ಯಾರು ಮಾಡುತ್ತೀರಿ’ ಎಂಬ ಪ್ರಶ್ನೆಗೆ ಸಭೆಯೆಲ್ಲ ತಲೆ ತಗ್ಗಿಸಿದಾಗ ನೀನೂ ತಗ್ಗಿಸಬಹುದು.

ಇಷ್ಟಾದ ಮೇಲೂ ಮಾಡಲೇಬೇಕೆಂದು ಮೇಲಿನವರು ಪಟ್ಟು ಹಿಡಿದರೆ, ಜಗಳವಾಡದೆ ಅಗತ್ಯವಿದ್ದಷ್ಟನ್ನೇ ಮಾಡಿ ಮುಗಿಸು, ಅದಕ್ಕೆ ತಗುಲಿದ ಗಂಟೆಗಳನ್ನು ದಿನಾಂಕದೊಂದಿಗೆ ಬರೆದಿಡು. ವಾರ್ಷಿಕ ಮೌಲ್ಯಮಾಪನದ ದಿನ ಆ ಲೆಕ್ಕವನ್ನು ಅವರ ಮುಂದಿಡಲು ಹಿಂಜರಿಯಬೇಡ.

ಇಂತಿ,
ನಿನ್ನ ಅಮ್ಮ