ಮಗಳಿಗೊಂದು ಪತ್ರ: ಹೊಸ ಶೂ ಪೆಟ್ಟಿಗೆಯಲ್ಲಿದೆ

ಪುಟ್ಟಿ,

ಗಂಟೆ ಒಂದೂವರೆ. ನೀನು ಮಲಗಿದ್ದೀಯ, ಇಲ್ಲಾ ಮಲಗಿದ ಹಾಗೆ ನಟಿಸ್ತಿದ್ದೀಯ. ಆರು ವಾರದ ಕೋರ್ಸಿಗೆ ವಿದೇಶಕ್ಕೆ ಹೊರಟಿದ್ದೀಯ, ಏರ್‌ಪೋರ್ಟಿಗೆ ಕಾರು ಬರೋದಕ್ಕೆ ಇನ್ನೂ ಮೂರು ಗಂಟೆ ಇದೆ. ರಾತ್ರಿ ನಡೆದದ್ದನ್ನು ಮತ್ತೆ ಬರೆಯಲ್ಲ. ಒಂದು ಜೊತೆ ಶೂಗೆ ಅಷ್ಟು ಕೂಗಾಡಬಾರದಿತ್ತು. "ನಾನೇನು ಇನ್ನೂ ಮೂರನೇ ಕ್ಲಾಸಾ ಅಪ್ಪಾ?" ಅಂತ ಕೇಳಿ ಬಾಗಿಲು ಹಾಕಿಕೊಂಡೆಯಲ್ಲ, ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಅದಕ್ಕೇ ಈ ಕಾಗದ.

ಮೊದಲು ಕೆಲಸದ ಮಾತು ಮುಗಿಸಿಬಿಡ್ತೀನಿ.

ಪಾಸ್‌ಪೋರ್ಟ್ ಕವರಿನಲ್ಲಿ ಮಡಚಿದ ಹಾಳೆಯೊಂದಿದೆ. ಎಲ್ಲಾ ಫೋನಿನಲ್ಲೇ ಇದೆಯಲ್ಲ ಅಂತ ನಗಬೇಡ. ಫೋನ್ ಸತ್ತ ದಿನ ಬೇಕಾಗೋದು ಆ ಹಾಳೆಯೇ. ನೀನು ಉಳಿಯುವ ಮನೆಯ ವಿಳಾಸ, ಕೋರ್ಸಿನವರ ನಂಬರ್, ನಮ್ಮ ರಾಯಭಾರ ಕಚೇರಿ ನಂಬರ್, ಇನ್ಶೂರೆನ್ಸ್ ಪಾಲಿಸಿ ನಂಬರ್ ಎಲ್ಲಾ ಇದೆ. ತುರ್ತು ನಂಬರ್ ಎಲ್ಲಾ ದೇಶದಲ್ಲೂ ಒಂದೇ ಅಲ್ಲ. ಯುರೋಪಿಯನ್ ಒಕ್ಕೂಟದಲ್ಲಿ 112, ಅಮೆರಿಕದಲ್ಲಿ 911, ಆಸ್ಟ್ರೇಲಿಯಾದಲ್ಲಿ 000. ನಿನಗೆ ಬೇಕಾದ್ದನ್ನು ಕೆಂಪು ಪೆನ್ನಲ್ಲಿ ಬರೆದಿದ್ದೀನಿ. ಪಾಸ್‌ಪೋರ್ಟ್ ಜೆರಾಕ್ಸ್ ದೊಡ್ಡ ಬ್ಯಾಗಿನಲ್ಲಿದೆ. ಅಸಲು ಕಳೆದುಹೋದರೆ ಮೊದಲು ಪೊಲೀಸರ ಹತ್ತಿರ ದೂರು ಬರೆಸು, ಆಮೇಲೆ ರಾಯಭಾರ ಕಚೇರಿಗೆ ಹೋಗು.

ಪವರ್ ಬ್ಯಾಂಕನ್ನು ದೊಡ್ಡ ಬ್ಯಾಗಿನಿಂದ ತೆಗೆದು ನಿನ್ನ ಕೈಚೀಲಕ್ಕೆ ಹಾಕಿದ್ದೀನಿ. ಚೆಕ್ ಇನ್ ಲಗೇಜಿನಲ್ಲಿ ಅದನ್ನು ಬಿಡಲ್ಲ. ಬೆಂಕಿ ಹತ್ತಿದರೆ ಕೆಳಗೆ ನೋಡೋರು ಯಾರೂ ಇರಲ್ಲ, ಮೇಲಾದರೆ ಸಿಬ್ಬಂದಿ ಇರ್ತಾರೆ. ಏರ್‌ಲೈನಿನವರ ಒಪ್ಪಿಗೆಯಿಲ್ಲದೆ ಬ್ಯಾಟರಿಯ ಶಕ್ತಿ 100 ವ್ಯಾಟ್ ಅವರ್ ಮೀರಬಾರದು ಅಂತ ಲೆಕ್ಕ. ನಿನ್ನದು 74, ನೋಡಿದ್ದೀನಿ. ಶಾಂಪೂ ಬಾಟಲಿ ಅರ್ಧ ಖಾಲಿ ಇದೆ ಅಂತ ವಾದ ಮಾಡ್ತಿದ್ದೆಯಲ್ಲ, ಸೆಕ್ಯೂರಿಟಿಯವರು ನೋಡೋದು ಬಾಟಲಿಯ ಅಳತೆಯನ್ನು. ಬಹಳಷ್ಟು ಏರ್‌ಪೋರ್ಟುಗಳಲ್ಲಿ ಕೈಚೀಲದಲ್ಲಿರೋದು 100 ಎಂಎಲ್‌ಗಿಂತ ದೊಡ್ಡ ಬಾಟಲಿಯಾದರೆ ಒಳಗೆ ಎರಡು ಹನಿ ಇದ್ದರೂ ಕಸದ ಬುಟ್ಟಿಗೆ. ಅದಕ್ಕೇ ಅದು ದೊಡ್ಡ ಬ್ಯಾಗಿಗೆ ಹೋಯ್ತು.

ಬ್ಯಾಗು ಬರದೇ ಹೋದರೆ ನಾಳೆ ನೋಡಿಕೊಳ್ಳೋಣ ಅಂತ ಏರ್‌ಪೋರ್ಟಿನಿಂದ ಹೊರಗೆ ಬಂದುಬಿಡಬೇಡ. ಬೆಲ್ಟ್ ಪಕ್ಕದಲ್ಲೇ ಕೌಂಟರ್ ಇರುತ್ತೆ. ಪ್ರಾಪರ್ಟಿ ಇರೆಗ್ಯುಲಾರಿಟಿ ರಿಪೋರ್ಟ್ ಅಂತ ಬರೆಸಿ, ಅದರ ನಂಬರ್ ಇಸ್ಕೋ. ಅಂಗಡಿಯಲ್ಲಿ ಕಾರ್ಡ್ ಉಜ್ಜುವಾಗ ಮಷೀನು ಯಾವ ದೇಶದ ದುಡ್ಡಲ್ಲಿ ಕಟ್ತೀಯ ಅಂತ ಕೇಳಿದರೆ ಅಲ್ಲಿನ ದುಡ್ಡನ್ನೇ ಒತ್ತು. ಪರಿಚಯದ ಕರೆನ್ಸಿ ಅಂತ ನಮ್ಮದನ್ನು ಒತ್ತಿದರೆ ಸಾಮಾನ್ಯವಾಗಿ ದರ ದುಬಾರಿಯಾಗುತ್ತೆ. ಬ್ಯಾಂಕಿನ ಓಟಿಪಿ ಹಳೇ ನಂಬರಿಗೇ ಬರೋದು, ಅದರ ರೋಮಿಂಗ್ ಆಫ್ ಮಾಡಬೇಡ.

ಇಷ್ಟಕ್ಕೆ ನಿಲ್ಲಿಸಬೇಕು ಅಂತ ಅಂದುಕೊಂಡಿದ್ದೆ. ಆದರೆ ಶೂ ಅಂದಕೂಡಲೇ ನನಗೆ ಏನಾಗುತ್ತೆ ಅಂತ ನೀನು ತಿಳಿಯಬೇಕು.

ಮೂರನೇ ಕ್ಲಾಸಿನ ಪ್ರವಾಸದಿಂದ ನೀನು ವಾಪಸ್ ಬಂದ ರಾತ್ರಿ. ಬಸ್ಸಿನಿಂದ ಇಳಿಯುವಾಗ ನಗುತ್ತಲೇ ಇದ್ದೆ. ಬಲಗಾಲನ್ನು ಮಾತ್ರ ಸ್ವಲ್ಪ ಓರೆಯಾಗಿ ಇಡ್ತಿದ್ದೆ. ಮನೆಗೆ ಬಂದು ಶೂ ಬಿಚ್ಚಿದರೆ ಸಾಕ್ಸ್ ಹಿಮ್ಮಡಿಗೆ ಅಂಟಿಕೊಂಡಿತ್ತು. ಹೊಸ ಶೂ ಮೊದಲ ದಿನವೇ ಕಚ್ಚಿ, ಬೊಬ್ಬೆ ಒಡೆದು, ಅದರ ಮೇಲೇ ಎರಡು ದಿನ ನಡೆದಿದ್ದೆ. ಎಳೆದರೆ ಚರ್ಮ ಬರುತ್ತೆ ಅಂತ ಬಕೆಟ್ಟಿನಲ್ಲಿ ಬೆಚ್ಚಗಿನ ನೀರು ಹಾಕಿ ನಿನ್ನ ಕಾಲು ಇಳಿಬಿಟ್ಟು ಕೂತೆ. ನೀರು ಆರಿತು, ಇನ್ನೊಂದು ಚೆಂಬು ಬಿಸಿ ನೀರು ಹಾಕಿದೆ. ಬಿಳಿ ಸಾಕ್ಸ್. ಅಂಚಿನಲ್ಲಿ ಹಳದಿ, ನಡುವೆ ಕಂದು. ಒಂದೊಂದೇ ಎಳೆ ಬಿಡಿಸಿದೆ. ಮೈ ಸುಡ್ತಿತ್ತು ನಿನಗೆ. ಟೀಚರ್‌ಗೆ ಯಾಕೆ ಹೇಳಲಿಲ್ಲ ಅಂತ ಕೇಳಿದೆ. "ತೊಂದರೆ ಕೊಡಬೇಡ ಅಂತ ನೀನೇ ಹೇಳಿದ್ದೆಯಲ್ಲ" ಅಂದೆ. ತಪ್ಪು ಹುಡುಕುವ ದನಿಯಲ್ಲ ಅದು. ಹೇಳಿದ್ದನ್ನು ಸರಿಯಾಗಿ ಪಾಲಿಸಿದ್ದೀನಲ್ಲ ಅನ್ನೋ ದನಿ.

ನಿಜ, ಹೇಳಿದ್ದೆ. ಬಸ್ ಕಿಟಕಿಯ ಕೆಳಗೆ ನಿಂತು, ನಾಲ್ಕು ಜನಕ್ಕೆ ಕೇಳಲಿ ಅಂತಲೇ ಹೇಳಿದ್ದೆ. ನನ್ನ ಮಗಳು ಯಾರಿಗೂ ತೊಂದರೆ ಕೊಡೋಳಲ್ಲ ಅಂತ ಹೇಳಿಕೊಳ್ಳೋದು ನನಗೆ ಜಂಬ. ನೀನು ಕೀವು ಕಟ್ಟಿದ ಕಾಲಲ್ಲಿ ಆ ಜಂಬ ಹೊತ್ತುಕೊಂಡು ಎರಡು ದಿನ ನಡೆದೆ. ಗಾಯ ವಾರದಲ್ಲಿ ವಾಸಿಯಾಯ್ತು. ಕಲೆ ಕೂಡ ಇಲ್ಲ, ನಿನ್ನ ಕೇಳಿದರೆ ಯಾವ ಕಾಲು ಅಂತ ನೆನಪಿಲ್ಲ ಅಂತೀಯ. ನನಗೆ ಆ ಬಕೆಟ್ಟಿನ ಬಣ್ಣವೂ ನೆನಪಿದೆ.

ಆದ್ದರಿಂದ ಹೇಳ್ತೀನಿ, ಭಾಷಣ ಅನಿಸಿದರೂ ಓದು. ಈ ಆರು ವಾರ ತೊಂದರೆ ಕೊಡು. ಆ ಮನೆಯವರಿಗೆ ಮೊದಲ ಸಂಜೆಯೇ ಕೇಳು: ರಾತ್ರಿ ಎಷ್ಟು ಹೊತ್ತಿಗೆ ಬಾಗಿಲು ಹಾಕ್ತಾರೆ, ವಾಷಿಂಗ್ ಮಷೀನ್ ಯಾವಾಗ ಮುಟ್ಟಬಹುದು, ನಲ್ಲಿ ನೀರು ಕುಡಿಯಬಹುದಾ. ಹೊಟ್ಟೆ ತುಂಬದಿದ್ದರೆ ಇನ್ನೊಂದು ಸಲ ಬಡಿಸಿ ಅನ್ನು. ಜ್ವರ ಬಂದರೆ ಅವತ್ತೇ ಹೇಳು. ಆಸ್ಪತ್ರೆಗೆ ಹೋಗಬೇಕಾದರೆ ಮೊದಲು ಇನ್ಶೂರೆನ್ಸ್‌ನವರ ನಂಬರಿಗೆ ಫೋನ್ ಮಾಡಿಸು, ಬಿಲ್ ಒಂದೂ ಬಿಸಾಕಬೇಡ. ಉಸಿರು ಕಟ್ಟುವಂಥ ತುರ್ತಾದರೆ ಕೆಂಪು ನಂಬರ್ ಮೊದಲು, ಇನ್ಶೂರೆನ್ಸ್ ಆಮೇಲೆ. ಮಾತ್ರೆಗಳನ್ನು ಸ್ಟ್ರಿಪ್ಪಿನಿಂದ ಬಿಡಿಸಿ ಡಬ್ಬಿಗೆ ತುಂಬಬೇಡ, ಡಾಕ್ಟರ ಚೀಟಿ ಜೊತೆಗೇ ಇರಲಿ. ಇಲ್ಲಿ ಸಾಧಾರಣ ಅನಿಸುವ ನೆಗಡಿ ಮಾತ್ರೆ ಕೂಡ ಕೆಲವು ದೇಶಗಳಲ್ಲಿ ನಿಷಿದ್ಧ, ಅದಕ್ಕೇ ಎರಡು ಸ್ಟ್ರಿಪ್ ಹೊರಗೆ ತೆಗೆದಿಟ್ಟಿದ್ದೀನಿ. ಯಾರಾದರೂ ಜಾಸ್ತಿ ಹತ್ತಿರ ನಿಂತು ಮಾತಾಡಿದರೆ, ಮೈ ಮುಟ್ಟಿದರೆ, ಅವರು ಎಷ್ಟೇ ದೊಡ್ಡವರಾಗಿರಲಿ, ಕೋರ್ಸಿನವರೇ ಆಗಿರಲಿ, ಎದ್ದು ಬಂದುಬಿಡು. ಮರ್ಯಾದೆ ಗಿರ್ಯಾದೆ ಆಮೇಲೆ ನೋಡಿಕೊಳ್ಳೋಣ.

ಮನೆ ನೆನಪಾಗಿ ಅಳು ಬಂದರೆ ಗಂಟೆ ಲೆಕ್ಕ ಹಾಕಬೇಡ. ಅಪ್ಪ ಅಮ್ಮ ಮಲಗಿರ್ತಾರೆ ಅಂತ ಸುಮ್ನೆ ಕೂರೋಳು ನೀನು, ನನಗೆ ಗೊತ್ತು. ನನ್ನ ಫೋನ್ ಸೈಲೆಂಟ್‌ನಲ್ಲಿ ಇರಲ್ಲ.

ಇನ್ನೊಂದು ವಿಷಯ. ನಿನ್ನ ಇಂಟರ್‌ವ್ಯೂ ದಿನ ನಾನು ಬಾಗಿಲ ಹೊರಗೇ ನಿಂತಿದ್ದೆ, ಹೇಳಿರಲಿಲ್ಲ. ಅವರ ಉಚ್ಚಾರಣೆ ನಿನಗೆ ತಿಳಿಯಲಿಲ್ಲ. ಅರ್ಥವಾದವಳ ಹಾಗೆ ತಲೆಯಾಡಿಸ್ತೀಯ ಅಂತ ಹೆದರಿದ್ದೆ. ನೀನು ಇನ್ನೊಂದು ಸಲ ಹೇಳ್ತೀರಾ ಅಂತ ಕೇಳಿದೆ. ಮತ್ತೂ ತಿಳಿಯಲಿಲ್ಲ. ಮೂರನೇ ಸಲವೂ ಕೇಳಿದೆ, ಸ್ವಲ್ಪ ನಿಧಾನಕ್ಕೆ ಅಂತ ಬೇರೆ ಸೇರಿಸಿದೆ. ನಿನ್ನ ಮಾರ್ಕ್ಸ್ ಕಾರ್ಡ್ ನೋಡಿ ನನಗೆ ಯಾವತ್ತೂ ಅಷ್ಟು ಖುಷಿಯಾಗಿಲ್ಲ. ರಾತ್ರಿ ಕೂಗಾಡುವಾಗ ಅದೊಂದು ನೆನಪಾಗಿದ್ದಿದ್ದರೆ ಬಾಯಿ ಮುಚ್ಚಿಕೊಂಡಿರ್ತಿದ್ದೆ.

ಹೊಸ ಶೂ ನಿನ್ನ ಪೆಟ್ಟಿಗೆಯಲ್ಲೇ ಇದೆ, ನಾನೇ ಹಾಕಿದ್ದೀನಿ. ವಿಮಾನಕ್ಕೆ ಹಳೇದು ಹಾಕ್ಕೊಂಡು ಹೋಗು. ಹೊಸದನ್ನು ಮನೆಯೊಳಗೆ ದಿನಾ ಒಂದೊಂದು ಗಂಟೆ ಹಾಕಿ ನೋಡು. ಬಲಗಾಲಿನದರ ಒಳಗೆ ಬ್ಯಾಂಡೇಡ್ ಪೊಟ್ಟಣ ತುರುಕಿದ್ದೀನಿ. ಕಾಲು ಹಾಕೋ ಮೊದಲು ಅದನ್ನು ತೆಗಿ.

ಅಪ್ಪ